ಒಂಥರಾ ಆಗ್ತೈತಕ್ಕಾ

18 ನವೆಂಬರ್ 2025, ಮಂಗಳವಾರ
ಕೋಲಾರ

ಬೆಳಗ್ಗೆ ಶಟರ್ ಎತ್ತಿ ಕಸ ಗುಡಿಸುವಷ್ಟರಲ್ಲಿ ಸುಗಟೂರು ಕಡೆಯ ಅಜ್ಜಿಯೊಬ್ಬರು ಬಂದು ಮೆಟ್ಟಿಲ ಮೇಲೆ ಕೂತಿದ್ದರು. "ಆ ಸಣ್ಣದು ಬಿಳೀ ಮಾತ್ರೆ ಐತಲ್ಲಮ್ಮ, ಅದು ಒಂದು ಶೀಟ್ ಕೊಡು" ಅಂದರು. ಮೆಡಿಕಲ್ ಶಾಪಿನಲ್ಲಿ ಸಣ್ಣ ಬಿಳಿ ಮಾತ್ರೆ ಬಿಪಿಗೂ ಇದೆ, ಥೈರಾಯ್ಡಿಗೂ ಇದೆ, ಶುಗರ್‌ಗೂ ಇದೆ, ನೆಗಡಿಗೂ ಇದೆ. ಯಾತಕ್ಕೆ ಅಜ್ಜಿ ಅದು ಅಂದೆ. "ಅದೇ, ದಿನಾ ನುಂಗೋದು."

ಸೆರಗಿನ ಗಂಟು ಬಿಚ್ಚಿ ಹಳೇ ಶೀಟಿನ ತುಂಡೊಂದನ್ನು ಕೊಟ್ಟರು. ಒಂದೊಂದೇ ಮಾತ್ರೆಗೆ ಕತ್ತರಿಸಿ ಕತ್ತರಿಸಿ ಉಳಿದದ್ದು ಅಂಗುಷ್ಠದಷ್ಟು ಹಾಳೆ. ಅದರ ಮೇಲೆ ಹೆಸರಿನ ಬಾಲ ಮಾತ್ರ ಇತ್ತು, ಜೊತೆಗೆ 5 ಅನ್ನೋ ಅಂಕಿ. ಬಿಪಿ ಮಾತ್ರೆ ಇರಬೇಕು ಅಂತ ಮನಸ್ಸು ಹೇಳಿತು. ಆದರೆ ಇರಬೇಕು ಅನ್ನುವ ಲೆಕ್ಕದಲ್ಲಿ ಯಾರ ಕೈಗೂ ಮಾತ್ರೆ ಕೊಡಬಾರದು. ಅವರ ಮಗನಿಗೆ ಫೋನ್ ಮಾಡಿದೆ, ಆತ ಚೀಟಿಯ ಫೋಟೊ ವಾಟ್ಸಾಪಿಗೆ ಹಾಕಿದ, ಬಿಪಿಯದೇ ಆಗಿತ್ತು. ಹೊಸ ಶೀಟ್ ಕೊಡುವಾಗ ಹೆಸರು, ತಾರೀಖು ಅಚ್ಚಾದ ತುದಿಗೆ ಬಳೆ ಹಾಕಿದ ಹಾಗೆ ಪೆನ್ನಿಂದ ಸುತ್ತು ಹಾಕಿ, "ಅಜ್ಜಿ, ಈ ಕಡೆಯಿಂದ ಕತ್ತರಿಸಬೇಡ, ಆ ಕಡೆಯಿಂದ ಶುರುಮಾಡು" ಅಂದೆ.

ಇಂಥವರನ್ನು "ಹೆಸರೂ ಗೊತ್ತಿಲ್ಲದೆ ಬಂದುಬಿಡ್ತಾರೆ" ಅಂತ ಗದರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ ಅಕ್ಕಿಕಾಳಿಗಿಂತ ಸಣ್ಣದಾಗಿ ಅಚ್ಚಾಗಿರುತ್ತದೆ. ಅಜ್ಜಿ ತನ್ನ ಕಣ್ಣಿಗೆ ಕಂಡದ್ದನ್ನು ಹೇಳಿದ್ದಾರೆ. ಬಣ್ಣ, ಗಾತ್ರ, ದಿನಾ ನುಂಗೋದು. ಮಿಕ್ಕಿದ್ದನ್ನು ಕೇಳಿ ತಿಳಿಯುವುದು ಕೌಂಟರಿನ ಈಚೆಗಿರುವ ನನ್ನ ಕೆಲಸ.

ನಮ್ಮ ಮಾತೇ ಹಾಗಿದೆ, ಅದರಲ್ಲಿ ತಪ್ಪೇನೂ ಇಲ್ಲ. ಸಂಜೆ ಕಡೆ ಬನ್ನಿ ಅಂತೀವಿ, ನಾಲ್ಕೈದು ಜನ ಬಂದಿದ್ರು ಅಂತೀವಿ, ಮದುವೆಗೆ ಕರೆದರೆ ನೋಡೋಣ ಅಂತೀವಿ. ಎದುರಿಗಿರುವವರಿಗೆ ನಮ್ಮ ಸಂಜೆ ಎಷ್ಟು ಹೊತ್ತಿಗೆ ಅಂತ ಗೊತ್ತು, ನಮ್ಮ ನೋಡೋಣದಲ್ಲಿ ಎಷ್ಟು ಬರುವುದು ಎಷ್ಟು ಬಾರದ್ದು ಅಂತಲೂ ಗೊತ್ತು. ಬರಲ್ಲ ಅಂತ ಮುಖಕ್ಕೆ ಹೇಳಿ ಮನಸ್ಸು ನೋಯಿಸುವುದಕ್ಕಿಂತ ಅದು ಮೇಲು. ಆದರೆ ಅದೇ ರೂಢಿ ಔಷಧಿ ಅಂಗಡಿಗೂ ಬರುತ್ತದೆ. ಇಲ್ಲಿ ನೋವು ಹೇಳುವವರು ಹೇಗೆ ಬೇಕಾದರೂ ಹೇಳಲಿ, ಮದ್ದು ಕೊಡುವವರು ಮಾತ್ರ ಹಾಗೆ ಮಾತಾಡಕೂಡದು. ಕೌಂಟರಿನಲ್ಲಿ ನಿಂತಷ್ಟೂ ನನಗೆ ಇದು ಗಟ್ಟಿಯಾಗುತ್ತಿದೆ.

ಹತ್ತು ಗಂಟೆ ಹೊತ್ತಿಗೆ ಎಪಿಎಂಸಿಯಲ್ಲಿ ಟೊಮ್ಯಾಟೊ ಬಾಕ್ಸ್ ಇಳಿಸುವ ಒಬ್ಬರು ಬಂದರು. ಐವತ್ತರ ಆಸುಪಾಸು. "ಗ್ಯಾಸ್ ಮಾತ್ರೆ ಒಂದು ಕೊಡಕ್ಕಾ." ಕೋಲಾರದಲ್ಲಿ ಗ್ಯಾಸು ಅಂದರೆ ಹೊಟ್ಟೆ ಉಬ್ಬರ, ಎದೆ ಉರಿ, ಬೆನ್ನು ಹಿಡಿದದ್ದು, ತಲೆ ಸುತ್ತು ಎಲ್ಲವೂ ಆಗುತ್ತದೆ. ಎಲ್ಲಿ ಅಂತ ಕೇಳಿದೆ. ಬೆರಳಲ್ಲಿ ತೋರಿಸಲಿಲ್ಲ. ಅಂಗೈಯನ್ನು ಎದೆಯ ನಡುವೆ ಇಟ್ಟು ಹಾಗೇ ಒತ್ತಿಕೊಂಡರು. ಉರಿಯೋ ಅಂದೆ. "ಉರಿ ಅಲ್ಲ, ಒಂಥರಾ ಆಗ್ತೈತಕ್ಕಾ. ಬಾಕ್ಸ್ ಎತ್ತಿದ್ರೆ ಜಾಸ್ತಿ." ಜೊತೆಗಿದ್ದವರು ತೆಲುಗಿನಲ್ಲಿ "ಒಕ ಮಾದಿರಿಗಾ ಉಂದಂಟಾಡು ಪೊದ್ದುನ್ನಿಂಚಿ" ಅಂದರು. ಬೆಳಗಿನಿಂದ ಒಂಥರಾ ಅಂತಾನೆ ಅಂತ. ಈ ಚಳಿಯಲ್ಲೂ ಆ ಮನುಷ್ಯನ ಕುತ್ತಿಗೆ ಒದ್ದೆಯಾಗಿತ್ತು.

ಗ್ಯಾಸ್ ಅನ್ನೋದು ಕೇಳಲು ಖಚಿತವಾದ ಮಾತು. ರೋಗದ ಹೆಸರು, ಅದಕ್ಕೊಂದು ಮಾತ್ರೆ, ಹತ್ತು ರೂಪಾಯಿಗೆ ಮುಗಿಯಿತು. ಒಂಥರಾ ಅನ್ನೋದಕ್ಕೆ ತಲೆಬುಡ ಇಲ್ಲ. ಆದರೂ ಅವರು ಹೇಳಿದ ಎರಡರಲ್ಲಿ ನಿಜವಾದದ್ದು ಒಂಥರಾ. ಹೃದಯಕ್ಕೆ ರಕ್ತ ಸಾಲದಾದಾಗ ಎಲ್ಲರಿಗೂ ಸಿನಿಮಾದಲ್ಲಿ ತೋರಿಸುವ ಹಾಗೆ ಚುಚ್ಚುವ ನೋವು ಬರುವುದಿಲ್ಲ. ಭಾರ ಇಟ್ಟ ಹಾಗೆ, ಬಿಗಿದ ಹಾಗೆ, ಬೆವರು, ಉಸಿರು ಕಟ್ಟುವುದು, ದವಡೆಗೋ ಎಡಗೈಗೋ ಹರಿಯುವುದು, ಬರೀ ಸುಸ್ತು. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆಯೂ ಆಗಬಹುದು. ಒಂಥರಾ ಅಂದವರನ್ನು ಸರಿಯಾಗಿ ಹೇಳಿ ಅಂತ ಗದರಿಸಿದರೆ ಅವರು ತಮಗೆ ಗೊತ್ತಿರುವ ಪದಕ್ಕೆ ಹೋಗುತ್ತಾರೆ, ಅದು ಗ್ಯಾಸ್. ಅದಕ್ಕೇ ನಾನು ಗದರುವುದಿಲ್ಲ, ಕೇಳುತ್ತಾ ಹೋಗುತ್ತೇನೆ. ನಡೆದರೆ ಜಾಸ್ತಿಯಾ, ಕೂತರೆ ಕಡಿಮೆಯಾ, ಬೆವರಿತಾ, ಕೈಗೆ ಬಂತಾ?

ಮಾತ್ರೆ ಕೊಡಲಿಲ್ಲ. ಆಟೊ ನಿಲ್ಲಿಸಿ, ನೇರ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ ಎದೆ ಅಂತ ಹೇಳಿ, ಮೊದಲು ಇಸಿಜಿ ಮಾಡಿಸಿ ಅಂದೆ. ಗ್ಯಾಸ್ ಅಂತ ಹೇಳಬೇಡಿ ಅಂತಲೂ ಜೊತೆಯವರಿಗೆ ಹೇಳಿ ಕಳಿಸಿದೆ. ಮಧ್ಯಾಹ್ನ ಅವರೇ ಬಂದು, ಅಡ್ಮಿಟ್ ಮಾಡ್ಕೊಂಡವ್ರೆ ಅಂದರು.

ಇನ್ನು ನಮ್ಮ ಕಡೆಯ ಮಾತು. "ದಿನಕ್ಕೆ ಎರಡು, ಊಟ ಆದ್ಮೇಲೆ" ಅಂತ ಮಾತ್ರೆ ಕೊಟ್ಟು ಮುಂದಿನವರ ಕಡೆ ತಿರುಗುವುದು ಎಲ್ಲ ಅಂಗಡಿಗಳಲ್ಲೂ ನಡೆಯುತ್ತದೆ. ಹಳ್ಳಿಯವರಿಗೆ ಊಟ ಅಂದರೆ ಮುದ್ದೆ, ಅನ್ನ. ಬೆಳಗಿನ ಇಡ್ಲಿ, ಚಿತ್ರಾನ್ನ ತಿಂಡಿ, ಅದು ಊಟ ಅಲ್ಲ. ಹಾಗಾಗಿ ಬೆಳಗ್ಗೆ ರಾತ್ರಿ ತಗೊಳ್ಳಬೇಕಾದ ಶುಗರ್ ಮಾತ್ರೆಯನ್ನು ಮಧ್ಯಾಹ್ನ ಮತ್ತು ರಾತ್ರಿ ನುಂಗುವವರು ಎಷ್ಟು ಜನ! ವೈದ್ಯರು ಚೀಟಿಯಲ್ಲಿ 1-0-1 ಅಂತ ಸ್ಪಷ್ಟವಾಗಿಯೇ ಬರೆದಿರುತ್ತಾರೆ. ಅದನ್ನು ಮಾತಿಗಿಳಿಸುವಾಗ ನಾವು ಕೆಡಿಸುತ್ತೇವೆ. ನಾನೀಗ ಊಟ ಅನ್ನುವುದನ್ನೇ ಬಿಟ್ಟಿದ್ದೇನೆ. "ಬೆಳಗ್ಗೆ ತಿಂಡಿ ತಿಂದು ಒಂದು, ರಾತ್ರಿ ಮುದ್ದೆ ಉಂಡು ಒಂದು" ಅಂತೀನಿ, ಕವರಿನ ಮೇಲೆ ಸೂರ್ಯ, ಚಂದ್ರ ಬರೀತೀನಿ.

ಎಲ್ಲಕ್ಕಿಂತ ಭಯ ಆಗೋದು ಚಮಚದ ವಿಷಯದಲ್ಲಿ. ಇವತ್ತೂ ವೇಮಗಲ್ ಕಡೆಯ ಒಬ್ಬ ತಾಯಿ ಎಂಟು ತಿಂಗಳ ಮಗುವಿಗೆ ಜ್ವರ ಅಂತ ಬಂದಿದ್ದಳು. "ಮನೇಲಿ ಜ್ವರದ ಔಷಧಿ ಐತಕ್ಕಾ, ಒಂದು ಚಮಚ ಹಾಕ್ಲಾ?" ಯಾವ ಔಷಧಿ ಅಂತ ಕೇಳದೆ ಹೂಂ ಅಂದರೆ ಏನಾಗಬಹುದು ನೋಡಿ. ಪ್ಯಾರಾಸಿಟಮಾಲ್ ಸಿರಪ್‌ನಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಹಸುಗೂಸುಗಳ ಡ್ರಾಪ್ಸ್ ಆದರೆ 1 ಎಂಎಲ್‌ಗೇ 100 ಮಿಲಿಗ್ರಾಂ. ಅದನ್ನು 5 ಎಂಎಲ್ ಚಮಚದ ತುಂಬ ಹಾಕಿದರೆ 500 ಮಿಲಿಗ್ರಾಂ, ದೊಡ್ಡವರು ನುಂಗುವ ಇಡೀ ಮಾತ್ರೆ. ಆ ಮಗು 8 ಕೆಜಿ. ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಒಂದು ಸಲಕ್ಕೆ 120 ಸಾಕು. ಮನೆಯಲ್ಲಿ ಇದ್ದದ್ದು ಡ್ರಾಪ್ಸೇ. ಸೀಸೆ ಜೊತೆ ಬಂದ, ಹನಿ ಅಳೆದು ಹಾಕುವ ಫಿಲ್ಲರ್ ಎಲ್ಲಿ ಅಂದರೆ, ಕಳೆದುಹೋಯ್ತು ಅಂದಳು. ಸೂಜಿ ಇಲ್ಲದ ಸಿರಿಂಜ್ ಕೊಟ್ಟು, ಗೆರೆ ಎಲ್ಲಿಗೆ ಬರಬೇಕು ಅಂತ ಬೆರಳಿಟ್ಟು ತೋರಿಸಿ, ಅವಳ ಕೈಯಲ್ಲೇ ನೀರು ಎಳೆಸಿ ನೋಡಿದೆ. ಇಷ್ಟು ಸಣ್ಣ ಮಗುವಿಗೆ ಜ್ವರ ಬಂದಿರುವಾಗ ಇವತ್ತೇ ಡಾಕ್ಟರಿಗೆ ತೋರಿಸಿ ಅಂತಲೂ ಹೇಳಿದೆ.

ಭೇದಿಯಾದಾಗ ಕುಡಿಸುವ ಓಆರ್‌ಎಸ್ ಪುಡಿಯ ಕಥೆಯೂ ಇದೇ. "ಪ್ಯಾಕೆಟ್ ನೀರಿಗೆ ಹಾಕಿ ಕುಡಿಸಿ" ಅಂತೀವಿ. ಎಷ್ಟು ನೀರಿಗೆ? ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪುಡಿ ಪೂರ್ತಿ 1 ಲೀಟರ್ ನೀರಿಗೆ. ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಭೇದಿಯ ಮಗುವಿಗೆ ಅಪಾಯ, ಬಿಂದಿಗೆಗೆ ಹಾಕಿದರೆ ಪ್ರಯೋಜನ ಇಲ್ಲ. ಇದರ ಮೇಲೆ ಓಆರ್‌ಎಸ್ ಅಂತ ಹೆಸರಿಟ್ಟುಕೊಂಡ ಸಿಹಿ ಜ್ಯೂಸ್ ಪೊಟ್ಟಣಗಳು ಬೇರೆ. ಆ ಸೂತ್ರದ ಪ್ರಕಾರ ಇಲ್ಲದ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದು ಅಂತ ಹೋದ ತಿಂಗಳು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿತು. ಅದಕ್ಕಾಗಿ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿ ಸಂತೋಷವಾಯಿತು.

ಮಸುಕು ಮಾತು ನನಗೂ ಒಂದು ಕಡೆ ಕೆಲಸಕ್ಕೆ ಬರುತ್ತದೆ, ಪ್ರಶ್ನೆ ಕೇಳುವಾಗ. ಬೇರೆ ಮಾತ್ರೆ ತಗೊಳ್ತಿದ್ದೀರಾ ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತಾರೆ. ಸಂಜೆ ಶುಗರ್ ಮಾತ್ರೆಗೆ ಬಂದ ಹೆಂಗಸೂ ಹಾಗೇ ಅಂದರು. "ಮಾತ್ರೆ ಗೀತ್ರೆ, ಕಷಾಯ ಗಿಷಾಯ ಏನಾದ್ರೂ?" ಅಂತ ಮತ್ತೆ ಕೇಳಿದೆ. "ಹೂಂ, ನಮ್ಮಕ್ಕ ಒಂದು ಪುಡಿ ಕೊಟ್ಟವ್ಳೆ, ಶುಗರ್‌ಗೇ ಅಂತೆ, ಅದು ಮಾತ್ರೆ ಅಲ್ವಲ್ಲ!" ಅಂದರು. ಮಧ್ಯಾಹ್ನದ ಹೊತ್ತು ಕೈ ನಡುಗುವುದು, ಬೆವರುವುದು ಯಾಕೆ ಅಂತ ಅವರೇ ಆಮೇಲೆ ಕೇಳಿದರು. ಶುಗರ್ ತೀರಾ ಇಳಿದರೆ ಹೀಗಾಗುತ್ತದೆ, ಮಾತ್ರೆಯ ಜೊತೆ ಪುಡಿಯೂ ಸೇರಿ ಇಳಿಸುತ್ತಿರಬಹುದು ಅಂದೆ. ಪುಡಿ ನಿಲ್ಲಿಸಿ, ನಾಳೆ ಡಾಕ್ಟರ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ತಗೊಂಡು ಹೋಗಿ ಅಂತ ಕವರಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ. ನಡುಕ ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು ಅಂದೆ. "ಯಾವ ಚಮಚ?" ಅಂತ ಅವರೇ ಕೇಳಿದರು. ಕಾಫಿಗೆ ಸಕ್ಕರೆ ಹಾಕೋ ಚಿಕ್ಕದು ಅಂತ ಅದನ್ನೂ ಬರೆದೆ.