ಭಾವನ ಜಿಮ್ನಿ, ತಾಮ್ಹಿಣಿ ಘಾಟಿನ ತಿರುವು

ಪುಣೆಯಲ್ಲಿ ಮಳೆ ಶುರುವಾದರೆ ನಮ್ಮ ಭಾವನಿಗೆ ತಮ್ಮ ಮಾರುತಿ ಜಿಮ್ನಿ ಗಾಡಿಯ ಜ್ವರ. ಈ ಸಲದ ಹಟ: ಉದ್ದದ ಸ್ಪ್ರಿಂಗ್ ಹಾಕಿ ಗಾಡಿಯನ್ನು ಎರಡು ಇಂಚು ಎತ್ತರಿಸೋದು (ಲಿಫ್ಟ್), ಜೊತೆಗೆ ಸ್ವೇ ಬಾರ್ ಕಿತ್ತು ಹಾಕೋದು. "ಚಕ್ರ ಚೆನ್ನಾಗಿ ಆಡುತ್ತೆ ಕಣೋ" ಅಂತಾರೆ.

ಮಾತು ಸುಳ್ಳಲ್ಲ. ಸ್ವೇ ಬಾರ್ ಅಂದರೆ ಎಡಬಲದ ಸಸ್ಪೆನ್ಷನ್‌ಗಳನ್ನು ಜೋಡಿಸುವ ಉಕ್ಕಿನ ಸರಳು. ತಿರುವಿನಲ್ಲಿ ತಾನು ತಿರುಚಿಕೊಂಡು ಗಾಡಿ ವಾಲದಂತೆ ಹಿಡಿಯುತ್ತದೆ. ಕಲ್ಲುಹಳ್ಳದಲ್ಲಿ ಅದೇ ಹಿಡಿತ ತೊಂದರೆ, ಚಕ್ರ ಕೆಳಗಿಳಿಯಲು ಬಿಡೋದಿಲ್ಲ. ಅದಕ್ಕೇ ಜೀಪ್ ರ್ಯಾಂಗ್ಲರ್ ರೂಬಿಕಾನ್‌ನಲ್ಲಿ ಮುಂದಿನ ಬಾರ್ ಬಿಡಿಸಲು ಒಂದು ಬಟನ್ ಇದೆ. ವೇಗ ಗಂಟೆಗೆ ಸುಮಾರು 29 ಕಿ.ಮೀ. ದಾಟಿದರೆ ತಾನೇ ಸೇರಿಕೊಳ್ಳುತ್ತದೆ. 

ಆದರೆ ಭಾವ ಓಡಿಸೋದು ತಾಮ್ಹಿಣಿ ಘಾಟಿನ ತಿರುವುಗಳಲ್ಲಿ, ಆಮೇಲೆ ಕೊಂಕಣ. ಮೇಲೆ ಕ್ಯಾರಿಯರ್, ಅದರಲ್ಲಿ ಟೆಂಟು, ನೀರಿನ ಕ್ಯಾನು, ಅಕ್ಕನ ಕುಕ್ಕರ್. ತೂಕ ಮೇಲೆ ಹೋದಷ್ಟೂ ವಾಲಾಟ ಜಾಸ್ತಿ ಅಲ್ವಾ? ಅಲ್ಲದೆ ಜಿಮ್ನಿಗೆ ಮುಂದೂ ಹಿಂದೂ ಎಡಬಲದ ಚಕ್ರಗಳಿಗೆ ಸೇರಿ ಒಂದೇ ಇಡೀ ಆಕ್ಸಲ್, ಚಕ್ರ ಮೊದಲೇ ಸಾಕಷ್ಟು ಆಡುತ್ತದೆ.

ಇನ್ನು ಲಿಫ್ಟ್ ವಿಷಯ. ಅದಕ್ಕೆ ಹಾಕುವ ಸ್ಪ್ರಿಂಗ್ ಗಟ್ಟಿಯಾದರೆ ಸಾಮಾನು ಹೇರಿದಾಗ ಹಿಂಭಾಗ ಕೂರೋದಿಲ್ಲ, ಸರಿ. ಖಾಲಿ ಗಾಡಿಯಲ್ಲಿ ಕೊಥ್ರೂಡ್‌ನ ಸ್ಪೀಡ್ ಬ್ರೇಕರ್ ದಾಟಿ ನೋಡಿ, ಸೊಂಟ ಲೆಕ್ಕ ಕೇಳುತ್ತದೆ. ಸ್ಪ್ರಿಂಗ್ ಹೊಸದು, ಶಾಕ್ ಅಬ್ಸಾರ್ಬರ್ ಹಳೇದು ಅಂದರಂತೂ ದೋಣಿ ಹಾಗೆ ತೇಲಾಟ.

ನನ್ನ ಕೇಳಿದರೆ ಮೊದಲು ಸಾಮಾನು ತುಂಬಿ ತೂಕ ಹಾಕಿಸಿ, ಆಮೇಲೆ ಸ್ಪ್ರಿಂಗ್ ಆರಿಸಿ. ಬಾರ್ ಇರಲಿ. ಕಲ್ಲುಹಳ್ಳದಲ್ಲಿ ಬೇಕಾದರೆ ಬಾರಿನ ತುದಿಯ ಲಿಂಕ್ (ಜೋಡಣೆಯ ಕೊಂಡಿ) ಬಿಚ್ಚಿ, ಡಾಂಬರಿಗೆ ಬಂದಾಗ ಹಾಕಿ.

ಭಾವ "ನೋಡೋಣ" ಅಂದಿದ್ದಾರೆ. ಭೋಸರಿಯ ಮೆಕ್ಯಾನಿಕ್‌ಗೆ ಮುಂಗಡ ಕೊಟ್ಟಾಗಿದೆಯೋ ಏನೋ.