ಕ್ವಾರ್ಟರ್ಸ್ ಬ್ಯಾಕ್

2025ರ ನವೆಂಬರ್‌ನ ಕೊನೆಯ ಗುರುವಾರ ಪಕ್ಕದ ಮನೆಯ ಗ್ಯಾರೇಜಿನಲ್ಲಿ ನಾನು ಒಂದು ಮಾತಾಡಿ, ಹತ್ತು ಹನ್ನೆರಡು ಜನರ ಬಾಯಿ ಒಟ್ಟಿಗೆ ಮುಚ್ಚಿಸಿದೆ. ಬೇಕಂತ ಮಾಡಿದ್ದಲ್ಲ. ಆಡುವಾಗ ಅದು ನನಗೆ ಬುದ್ಧಿವಂತಿಕೆಯ ಮಾತೇ ಅನಿಸಿತ್ತು.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಮುಗಿದಿತ್ತು. ನಾನು ಒಯ್ದಿದ್ದ ಚಿತ್ರಾನ್ನದ ಪಾತ್ರೆಯೂ ಖಾಲಿಯಾಗಿತ್ತು. ಹೊರಗೆ ಕೊರೆಯುವ ಗಾಳಿ. ಗ್ಯಾರೇಜಿನಲ್ಲಿ ಒಂದು ಹೀಟರ್, ಒಂದು ಹಳೇ ಟಿವಿ, ಸುತ್ತ ಮಡಚುವ ಕುರ್ಚಿಗಳು. ಮಧ್ಯದಲ್ಲಿ ನಮ್ಮ ಉಕ್ಕಜ್ಜ. ಹೆಸರು ಬೇರೆ ಇದೆ ಬಿಡಿ. ಕಾಯಹೋಗಾ ನದಿ ದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷದ ಮೇಲೆ ದುಡಿದವರು. ಅದಕ್ಕೇ ನಮ್ಮ ಮನೆಯಲ್ಲಿ ಅವರು ಉಕ್ಕಜ್ಜ.

ಅಮೆರಿಕದ ಈ ಕ್ಲೀವ್‌ಲ್ಯಾಂಡಿನಲ್ಲಿ ಚಳಿಗಾಲ ಅಂದರೆ ಒಂದೇ ವಿಷಯ, ಅಮೆರಿಕನ್ ಫುಟ್‌ಬಾಲ್. ನಮ್ಮ ಬ್ರೌನ್ಸ್ ಟೀಮಿಗೆ ಸರಿಯಾದ ಕ್ವಾರ್ಟರ್‌ಬ್ಯಾಕ್ ಎಲ್ಲಿಂದ ತರೋದು? ಊರಲ್ಲಿರುವವರಿಗೆ ಹೇಗೆ ಹೇಳಲಿ? ನಮ್ಮ ಕಡೆ ವಾಲಿಬಾಲಿನಲ್ಲಿ ಲಿಫ್ಟರ್ ಇರ್ತಾನಲ್ಲ, ಹಾಗೆ. ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೇ ಬರಬೇಕು. ಯಾರಿಗೆ ಕೊಡಬೇಕು ಅಂತ ಅವನೇ ತೀರ್ಮಾನಿಸಬೇಕು. ವ್ಯತ್ಯಾಸ ಏನೆಂದರೆ, ಇಲ್ಲಿ ಆ ತೀರ್ಮಾನಕ್ಕೆ ಎರಡು ಮೂರು ಸೆಕೆಂಡು ಮಾತ್ರ. ಅಷ್ಟರಲ್ಲಿ ನೂರಿಪ್ಪತ್ತು ಮೂವತ್ತು ಕೆಜಿ ತೂಕದ ಮನುಷ್ಯರು ಅವನ ಮೇಲೆ ಬೀಳಲು ಓಡಿ ಬರುತ್ತಿರುತ್ತಾರೆ.

ಬ್ರೌನ್ಸ್ 1999ರಿಂದ ಇಲ್ಲಿಯವರೆಗೆ ಈ ಜಾಗದಲ್ಲಿ 40ಕ್ಕೂ ಹೆಚ್ಚು ಜನರನ್ನು ನಿಲ್ಲಿಸಿ ನೋಡಿದೆ. ಉಕ್ಕಜ್ಜ ಎಲ್ಲರ ಹೆಸರನ್ನೂ ಗ್ಯಾರೇಜಿನ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ, ನಮ್ಮಮ್ಮ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ. ಅದೇ ಚೌಕಟ್ಟಿನ ಇನ್ನೊಂದು ಬದಿಯಲ್ಲಿ ಮೊಮ್ಮಕ್ಕಳ ಎತ್ತರದ ಗೆರೆಗಳು. ಮಕ್ಕಳು ಬೆಳೆದಿದ್ದಾರೆ.

ಅವತ್ತಿನ ವಾದಕ್ಕೆ ಕಾವು ಜಾಸ್ತಿ ಇತ್ತು. ಹಿಂದಿನ ಭಾನುವಾರ ಶೆಡೂರ್ ಸ್ಯಾಂಡರ್ಸ್ ಅನ್ನೋ ಹೊಸ ಹುಡುಗ ಮೊದಲ ಸಲ ಶುರುವಿನಿಂದ ಆಡಿ, ಲಾಸ್ ವೇಗಸ್ ತಂಡವನ್ನು 24-10ರಿಂದ ಸೋಲಿಸಿದ್ದ. ಬ್ರೌನ್ಸ್‌ನ ಹೊಸ ಕ್ವಾರ್ಟರ್‌ಬ್ಯಾಕ್ ಒಬ್ಬ ತಾನು ಶುರುವಿನಿಂದ ಆಡಿದ ಮೊದಲ ಪಂದ್ಯದಲ್ಲೇ ಗೆದ್ದದ್ದು 1995ರ ನಂತರ ಇದೇ ಮೊದಲು. ನನ್ನ ಒಂಬತ್ತು ವರ್ಷದ ಮಗ ಆ ಹುಡುಗನ 12ನೇ ನಂಬರಿನ ಜೆರ್ಸಿ ಹಾಕಿಕೊಂಡೇ ಊಟಕ್ಕೆ ಬಂದಿದ್ದ.

ಅಜ್ಜನ ಅಳಿಯ ಒಪ್ಪಲಿಲ್ಲ. ಡ್ರಾಫ್ಟ್‌ನಲ್ಲಿ, ಅಂದರೆ ಟೀಮುಗಳು ಸರದಿಯ ಪ್ರಕಾರ ಹೊಸಬರನ್ನು ಆರಿಸುವಾಗ, ಈ ಹುಡುಗನನ್ನು ಐದನೇ ಸುತ್ತಿನವರೆಗೂ ಯಾರೂ ಕೇಳಲಿಲ್ಲ, 144ನೆಯವನಾಗಿ ನಮಗೆ ಸಿಕ್ಕಿದ, ಸುಮ್ನೆ ಸಿಕ್ಕಿದನಾ ಅಂತ ಅವನ ವಾದ. ಮುಂದಿನ ಏಪ್ರಿಲ್ ಡ್ರಾಫ್ಟ್‌ನಲ್ಲಿ ನಮಗೆ ಮೊದಲ ಸುತ್ತಿನಲ್ಲೇ ಎರಡು ಆಯ್ಕೆ ಇದೆ. ಒಂದು ನಮ್ಮದು, ಇನ್ನೊಂದು ಜ್ಯಾಕ್ಸನ್‌ವಿಲ್‌ನಿಂದ ಬಂದದ್ದು. ಆಗ ಕಾಲೇಜಿನಿಂದ ಒಳ್ಳೆಯವನನ್ನು ಆರಿಸಿದರಾಯ್ತು. ಅಲ್ಲಿಯವರೆಗೆ ಸೋತಷ್ಟೂ ಒಳ್ಳೇದು! ಇಲ್ಲಿಯ ನಿಯಮವೇ ಹಾಗೆ. ಕೆಟ್ಟದಾಗಿ ಆಡಿದ ಟೀಮಿಗೆ ಮುಂದಿನ ವರ್ಷ ಮೊದಲು ಆರಿಸುವ ಹಕ್ಕು. ಹನ್ನೆರಡು ವರ್ಷವಾದರೂ ಇದು ನನ್ನ ತಲೆಗೆ ಹತ್ತಿಲ್ಲ. ಫೇಲಾದವನಿಗೆ ಮೊದಲ ಬೆಂಚು.

ಅಜ್ಜನ ಮಗಳು ನರ್ಸ್. ಅವಳದು ಬೇರೆ ಚಿಕಿತ್ಸೆ. ಮೊದಲು ಮುಂದೆ ನಿಂತು ಕಾಯೋ ಐದು ಜನರನ್ನು ಸರಿ ಮಾಡಿ, ಅವರೇ ಜಾರಿದರೆ ಹಿಂದೆ ದೇವರನ್ನು ನಿಲ್ಲಿಸಿದರೂ ನೆಲಕ್ಕೆ ಬೀಳ್ತಾನೆ ಅಂದಳು. ಇನ್ಯಾರೋ, ಪಳಗಿದವನೊಬ್ಬನನ್ನು ಕೊಂಡುಕೊಳ್ಳೋಣ ಅಂದರು. ಅವಳು ಉರಿದುಬಿದ್ದಳು. "ಕೊಂಡಿದ್ದು ಸಾಕಾಗಿಲ್ವಾ?"

ಕೊಂಡ ಕಥೆ ಇದು. 2022ರಲ್ಲಿ ಹ್ಯೂಸ್ಟನ್ ತಂಡಕ್ಕೆ ಮೊದಲ ಸುತ್ತಿನ ಮೂರು ಆಯ್ಕೆಗಳನ್ನು, ಮೇಲೆ ಇನ್ನಷ್ಟನ್ನು ಕೊಟ್ಟು ಡೆಶಾನ್ ವಾಟ್ಸನ್‌ನನ್ನು ತಂದರು. ಐದು ವರ್ಷಕ್ಕೆ 23 ಕೋಟಿ ಡಾಲರ್, ಆಡಲಿ ಬಿಡಲಿ ಪೂರ್ತಿ ಗ್ಯಾರಂಟಿ. ಆಗ ಆತನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಲೈಂಗಿಕ ದುರ್ನಡತೆಯ ದಾವೆ ಹೂಡಿದ್ದರು. ಆತ ಅಲ್ಲಗಳೆದ. ಲೀಗ್ 11 ಪಂದ್ಯ ಹೊರಗೆ ಕೂರಿಸಿತು. ಆಮೇಲೆ ಗಾಯದ ಮೇಲೆ ಗಾಯ. ಈ ಮಗಳು ಆ ವರ್ಷ ಬ್ರೌನ್ಸ್ ಟೋಪಿ ತೆಗೆದಿಟ್ಟವಳು ಇನ್ನೂ ಹಾಕಿಲ್ಲ. ಆದರೂ ಪ್ರತಿ ವಾದದಲ್ಲೂ ಅವಳ ದನಿಯೇ ದೊಡ್ಡದು.

ಇದನ್ನೆಲ್ಲ ಕೇಳುತ್ತಾ ನನಗೆ ಗಂಡು ನೋಡಿದ ವರ್ಷ ನೆನಪಾಯಿತು. ಒಬ್ಬರು ಜಾತಕ ಅನ್ನೋರು, ಒಬ್ಬರು ಸಂಬಳ ಅನ್ನೋರು, ಮೂಲೆಯಲ್ಲಿ ಒಬ್ಬಳು ಚಿಕ್ಕಮ್ಮ "ಹೋದ ವರ್ಷ ಬಂದಿದ್ದ ಆ ಹುಡುಗನೇ ಚೆನ್ನಾಗಿದ್ದ" ಅನ್ನೋಳು. ಬ್ರೌನ್ಸ್‌ಗೂ ಅಂಥ ಹುಡುಗ ಒಬ್ಬ ಇದ್ದ. ಬೇಕರ್ ಮೇಫೀಲ್ಡ್. 2018ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸಿದ್ದು ಅವನನ್ನೇ. ಆ ಸೆಪ್ಟೆಂಬರ್‌ನಲ್ಲಿ ಬೆಂಚಿನಿಂದ ಎದ್ದು ಬಂದು, 635 ದಿನಗಳ ನಂತರ ತಂಡಕ್ಕೆ ಒಂದು ಗೆಲುವು ಕೊಡಿಸಿದ. ವಾಟ್ಸನ್ ಬಂದ ಮೇಲೆ ಅವನನ್ನು ಕಳಿಸಿಬಿಟ್ಟರು. ಈಗ ಟ್ಯಾಂಪಾದಲ್ಲಿ ಆರಾಮಾಗಿ ಆಡಿಕೊಂಡಿದ್ದಾನೆ.

ಉಕ್ಕಜ್ಜ ಮಾತ್ರ ಬಾಯಿ ಬಿಡಲಿಲ್ಲ. ಅವರು ಕೂತಿದ್ದದ್ದು ಹಳೇ ಮರದ ಕುರ್ಚಿ, ಕಾಲೇ ಇಲ್ಲದ್ದು, ಕೆಳಗೆ ಎರಡು ಇಟ್ಟಿಗೆ. 1995ರ ಡಿಸೆಂಬರ್ 17ರಂದು ಹಳೇ ಸ್ಟೇಡಿಯಂನಿಂದ ಕಿತ್ತು ತಂದದ್ದಂತೆ. ಆ ನವೆಂಬರ್‌ನಲ್ಲಿ ಮಾಲೀಕ ಆರ್ಟ್ ಮೋಡೆಲ್, ಟೀಮನ್ನು ಬಾಲ್ಟಿಮೋರ್‌ಗೆ ಸಾಗಿಸ್ತೀನಿ ಅಂತ ಘೋಷಿಸಿದ್ದ. ತವರಿನ ಕೊನೆಯ ಪಂದ್ಯಕ್ಕೆ ಜನ ಗರಗಸ ಹಿಡಿದು ಬಂದಿದ್ದರು. ಬ್ರೌನ್ಸ್ ಅವತ್ತು ಗೆದ್ದಿತು. ಆಟಗಾರರು ಮೈದಾನದ ತುದಿಗೆ ಓಡಿ ಹೋಗಿ ಜನರನ್ನು ತಬ್ಬಿಕೊಂಡು ಅತ್ತರು. ಆಮೇಲೆ ಸ್ಟೇಡಿಯಂ ಒಡೆದು, ಅದರ ಕಾಂಕ್ರೀಟನ್ನು ಈರಿ ಸರೋವರಕ್ಕೆ ಇಳಿಸಿದರು, ಮೀನುಗಳು ಮನೆ ಮಾಡಿಕೊಳ್ಳಲಿ ಅಂತ. ಹೆಸರು, ಬಣ್ಣ, ದಾಖಲೆ ಮಾತ್ರ ಈ ಊರಿಗೇ ಉಳಿದವು. ಮೂರು ವರ್ಷ ಟೀಮೇ ಇರಲಿಲ್ಲ. 1999ರಲ್ಲಿ ಹೊಸದಾಗಿ ಕಟ್ಟಿದರು. ಚೌಕಟ್ಟಿನ ಪೆನ್ಸಿಲ್ ಪಟ್ಟಿ ಶುರುವಾಗೋದು ಅಲ್ಲಿಂದ.

ಟಿವಿಯಲ್ಲಿ ರಾತ್ರಿಯ ಪಂದ್ಯದ ಜಾಹೀರಾತು ಬಂತು. ಬಾಲ್ಟಿಮೋರ್, ಸಿನ್ಸಿನಾಟಿ. ಆಗ ನಾನು ಬಾಯಿಬಿಟ್ಟೆ. "ಬಾಲ್ಟಿಮೋರ್ ಅಂದರೆ ಮೂಲದಲ್ಲಿ ನಿಮ್ಮದೇ ಟೀಮ್ ಅಲ್ವಾ? ಅವರು ಚೆನ್ನಾಗಿ ಆಡ್ತಾರಲ್ಲ. ಅವರಿಗೇ ಸಪೋರ್ಟ್ ಮಾಡಿದರೆ ಮುಗೀತಪ್ಪ."

ಹೀಟರಿನ ಸದ್ದು ಕೇಳಿಸಿತು. ಮಗ ನನ್ನ ತೋಳು ಚಿವುಟಿದ. ನನ್ನ ಗಂಡ ಬಹಳ ಆಸಕ್ತಿಯಿಂದ ತನ್ನ ಶೂ ನೋಡಿಕೊಳ್ಳತೊಡಗಿದ.

ಉಕ್ಕಜ್ಜ ಬೇಸರ ಮಾಡಿಕೊಳ್ಳಲಿಲ್ಲ. ತಲೆಯಾಡಿಸಿದರು. "ಹೌದಮ್ಮ. ಚೆನ್ನಾಗಿದ್ದಾರೆ. ಹೋಗಿ ಐದೇ ವರ್ಷಕ್ಕೆ ಸೂಪರ್ ಬೌಲ್ ಫೈನಲ್ ಗೆದ್ದರು. ಹೋದವರು ಚೆನ್ನಾಗಿಯೇ ಇರ್ತಾರೆ." ಅಷ್ಟು ಹೇಳಿ ಎದ್ದು, ಪೈ ಕತ್ತರಿಸಲು ಒಳಗೆ ಹೋದರು.

ಅವರು ಹೇಳಿದ್ದು ಬಾಲ್ಟಿಮೋರ್ ಬಗ್ಗೆ. ಬೇಕರ್ ಮೇಫೀಲ್ಡ್ ಬಗ್ಗೆ ಇರಬಹುದು. 2010ರಲ್ಲಿ ಈ ಊರು ಬಿಟ್ಟು ಹೋಗಿ, ನಾಲ್ಕು ವರ್ಷದ ಮೇಲೆ ವಾಪಸ್ ಬಂದು, 2016ರಲ್ಲಿ ಕಪ್ ಗೆದ್ದುಕೊಟ್ಟು, 2018ರಲ್ಲಿ ಮತ್ತೆ ಹೊರಟ ಬ್ಯಾಸ್ಕೆಟ್‌ಬಾಲಿನ ಲೆಬ್ರಾನ್ ಜೇಮ್ಸ್ ಬಗ್ಗೆ ಇರಬಹುದು. ನನ್ನ ಬಗ್ಗೆ ಖಂಡಿತ ಅಲ್ಲ. ನಾನು ಮಾತ್ರ ಖಾಲಿ ಪಾತ್ರೆ ಎತ್ತಿಕೊಂಡು ಮನೆಗೆ ಬರುವಷ್ಟರಲ್ಲಿ ಅದನ್ನು ನಾಲ್ಕು ಸಲ ಕೇಳಿಸಿಕೊಂಡಿದ್ದೆ.

ನನ್ನೂರು ಭದ್ರಾವತಿ. ಗೊತ್ತಿದ್ದವರಿಗೆ ಇಷ್ಟು ಸಾಕು. ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ಅಪ್ಪ ಬಂದರು ಅಂತ ಪುಸ್ತಕ ತೆರೆದವರು ನಾವು. ಮೈಸೂರು ಸಂಸ್ಥಾನ ಕಟ್ಟಿಸಿದ, ವಿಶ್ವೇಶ್ವರಯ್ಯನವರು ನಡೆಸಿದ ಕಬ್ಬಿಣದ ಕಾರ್ಖಾನೆ. 1923ರಲ್ಲಿ ಉತ್ಪಾದನೆ ಶುರು. ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ. ಸರಿಯಾಗಿ ನೂರು ವರ್ಷ. ಪೂರ್ತಿ ಮುಚ್ಚಲೂ ಇಲ್ಲ, ಪೂರ್ತಿ ತೆರೆದೂ ಇಲ್ಲ. ಕಾಗದದ ಕಾರ್ಖಾನೆಯಂತೂ ಅದಕ್ಕೆ ಎಷ್ಟೋ ಮೊದಲೇ ನಿಂತಿತು. ಪ್ರತಿ ಚುನಾವಣೆಯಲ್ಲೂ ಊರಿನ ಚರ್ಚೆ ಒಂದೇ. ಕಾರ್ಖಾನೆ ಎತ್ತಿ ನಿಲ್ಲಿಸೋರು ಯಾರು? 2024ರಲ್ಲಿ ಕುಮಾರಸ್ವಾಮಿ ಕೇಂದ್ರದಲ್ಲಿ ಉಕ್ಕು ಮಂತ್ರಿ ಆದಾಗ ಅಪ್ಪ ಫೋನಿನಲ್ಲಿ, "ಅಂತೂ ನಮ್ಮೋರೇ ಸಿಕ್ಕರು ನೋಡು" ಅಂದಿದ್ದರು. ಉಕ್ಕಜ್ಜ ಪೆನ್ಸಿಲ್ ಕೈಗೆತ್ತಿಕೊಳ್ಳುವಾಗಿನ ದನಿಯೇ ಅದು.

ನನ್ನ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ 38 ಜನ. ಊರಲ್ಲಿ ಉಳಿದವರು ಐದು. ಉಳಿದ ನಾವೆಲ್ಲ ಬೆಂಗಳೂರು, ಪುಣೆ, ದುಬೈ, ಇಲ್ಲಿ. ಚೆನ್ನಾಗಿಯೇ ಇದ್ದೀವಿ. ನಮ್ಮಪ್ಪನ ಬಿಪಿ ಮಾತ್ರೆ ಮುಗಿದಾಗ ತಂದುಕೊಡುವವಳು ಆ ಐವರಲ್ಲಿ ಒಬ್ಬಳು. ಗುಂಪಿನಲ್ಲಿ ಊರಿನ ಬಗ್ಗೆ ಕಣ್ಣೀರು ಹಾಕೋರು ನಾವು. ಅವಳು ಅಲ್ಲಿ ಬರೆಯೋದೇ ಕಡಿಮೆ.

ಹಾಗಂತ ಉಳಿದವರೆಲ್ಲ ದೊಡ್ಡವರು ಅಂತ ನಾನು ಹೇಳಲ್ಲ. ಮಗ ಇಲ್ಲೇ ಹುಟ್ಟಿದವನು. ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬೆಳೆಸ್ತೀಯಾ ಅಂದರೆ, ನನ್ನ ಉತ್ತರ ನನಗೇ ಗೊತ್ತು. 2025ರ ಜೂನ್‌ನಲ್ಲಿ ಆರ್‌ಸಿಬಿ ಗೆದ್ದಾಗ ನಾವಿಬ್ಬರೂ ಕುಣಿದಿದ್ದೆವು. ಹದಿನೆಂಟು ವರ್ಷದ "ಈ ಸಲ ಕಪ್ ನಮ್ದೇ" ಕೊನೆಗೂ ನಿಜವಾಗಿತ್ತು. ಮಾರನೇ ದಿನ ಚಿನ್ನಸ್ವಾಮಿ ಗೇಟಿನ ಮುಂದೆ 11 ಜನ ಕಾಲ್ತುಳಿತದಲ್ಲಿ ಸತ್ತರು. ಮಗ "ಯಾಕಮ್ಮ, ಗೆದ್ದಿದ್ವಲ್ಲ?" ಅಂದ. ಈ ಕ್ಲೀವ್‌ಲ್ಯಾಂಡ್ 2017ರಲ್ಲಿ ಹದಿನಾರಕ್ಕೆ ಹದಿನಾರೂ ಪಂದ್ಯ ಸೋತಾಗ ಮೆರವಣಿಗೆ ಮಾಡಿತ್ತು. ಮೈ ಹೆಪ್ಪುಗಟ್ಟುವ ಚಳಿಯಲ್ಲಿ ಸಾವಿರಾರು ಜನ ಸ್ಟೇಡಿಯಂ ಸುತ್ತ ಒಂದು ದೊಡ್ಡ ಸೊನ್ನೆ ಹಾಕಿ ನಡೆದರು. ಊರಿನ ಆಹಾರ ಬ್ಯಾಂಕಿಗೆ ದೇಣಿಗೆಯನ್ನೂ ಕೂಡಿಸಿದರು. ಸೋತವರನ್ನು ಸುರಕ್ಷಿತವಾಗಿ ಮನೆ ಮುಟ್ಟಿಸುವುದು ಇವರಿಗೆ ಗೊತ್ತಿದೆ. ಗೆದ್ದವರನ್ನು ಮುಟ್ಟಿಸಲು ನಮಗೆ ಆಗಲಿಲ್ಲ. ಮಗನಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಕಾಫಿ ಹೊತ್ತು. ನಡೆದದ್ದೆಲ್ಲ ಹೇಳಿದೆ. ಆ ಒಂದು ಮಾತು ಮಾತ್ರ ನುಂಗಿಕೊಂಡೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಏನಂದೆ? ಕ್ವಾರ್ಟರ್ಸ್ ಬ್ಯಾಕಾ? ಯಾರದ್ದು ಕ್ವಾರ್ಟರ್ಸ್ ವಾಪಸ್ ಕೊಡ್ತಾರಂತೆ?"

ನಾನು ನಗಲು ಹೊರಟವಳು ನಿಲ್ಲಿಸಿದೆ. ನ್ಯೂ ಟೌನಿನ ಆ ಮನೆಯನ್ನು ಅಪ್ಪ ನಿವೃತ್ತಿಯಾದ ಮೇಲೆ ಖಾಲಿ ಮಾಡಿದ್ದು. ಹಿತ್ತಲಲ್ಲಿ ಒಂದು ಸೀಬೆ ಮರ ಇತ್ತು. ಈಗ ಆ ಸಾಲಿನ ಎಷ್ಟೋ ಮನೆಗಳಿಗೆ ಬೀಗ, ಛಾವಣಿಯ ಮೇಲೆ ಹುಲ್ಲು. ವಾಕಿಂಗ್ ನೆಪದಲ್ಲಿ ಅಪ್ಪ ಇನ್ನೂ ಆ ದಾರಿಯಲ್ಲೇ ಹೋಗ್ತಾರೆ ಅಂತ ಮಾತ್ರೆ ತಂದುಕೊಡುವ ಗೆಳತಿ ಹೇಳಿದ್ದಳು.

"ಕ್ವಾರ್ಟರ್ಸ್ ಅಲ್ಲಪ್ಪ. ಕ್ವಾರ್ಟರ್‌ಬ್ಯಾಕ್. ಆಟಗಾರ."

"ಹೂಂ," ಅಂದರು. ಆಮೇಲೆ, "ಆ ಹುಡುಗ ಹೇಗೆ? ನಿಲ್ತಾನಾ?"

ಅಷ್ಟರಲ್ಲಿ ಪಕ್ಕದ ಮನೆಯಿಂದ ಹೋ ಎಂಬ ಕೂಗು. ಆಗ ಒಂದು, ಈಗ ಒಂದು. ಬಾಲ್ಟಿಮೋರ್ ಸೋಲುತ್ತಿತ್ತು. ಕೊನೆಗೆ 32-14. ಹೋದವರು ಚೆನ್ನಾಗಿರಲಿ ಅಂತ ಹಾರೈಸುವಷ್ಟು ದೊಡ್ಡ ಮನಸ್ಸು ಉಕ್ಕಜ್ಜನಿಗೂ ಇಲ್ಲ ಅಂತ ಗೊತ್ತಾಗಿ ನನಗೆ ಸ್ವಲ್ಪ ಸಮಾಧಾನವಾಯಿತು.

ಭಾನುವಾರ ಬ್ರೌನ್ಸ್ ತನ್ನ ಅಂಗಳದಲ್ಲೇ ಸ್ಯಾನ್ ಫ್ರಾನ್ಸಿಸ್ಕೋಗೆ 26-8ರಿಂದ ಸೋತಿತು. ಮೂರು ಗೆಲುವು, ಒಂಬತ್ತು ಸೋಲು. ಮಗ ಜೆರ್ಸಿ ಬಿಚ್ಚದೆ ಮಲಗಿದ.

ಸೋಮವಾರ ಬೆಳಿಗ್ಗೆ ಕಸದ ಡಬ್ಬ ಎಳೆದುಕೊಂಡು ರಸ್ತೆಗೆ ಹೋದೆ. ಉಕ್ಕಜ್ಜನೂ ತಮ್ಮದನ್ನು ಎಳೆದುಕೊಂಡು ಬಂದರು. ಗುರುವಾರದ ಮಾತಿಗೆ ಕ್ಷಮೆ ಕೇಳಬೇಕು ಅಂತ ವಾಕ್ಯ ಜೋಡಿಸಿಕೊಂಡಿದ್ದೆ. ಅವರು ಅವಕಾಶವನ್ನೇ ಕೊಡಲಿಲ್ಲ. "ಮುಂದಿನ ಭಾನುವಾರ ಟೆನ್ನೆಸ್ಸೀ ಬರ್ತಿದೆ. ಒಂದೇ ಒಂದು ಪಂದ್ಯ ಗೆದ್ದಿದ್ದಾರೆ. ನಮಗಿಂತ ಕೆಟ್ಟವರು!" ಅಂದರು. ಮುಖದ ತುಂಬ ಖುಷಿ.

ಒಳಗೆ ಬಂದರೆ ಫೋನಿನಲ್ಲಿ ಅಪ್ಪನ ಮೆಸೇಜ್ ಕಾದಿತ್ತು. "ಕ್ವಾರ್ಟರ್ಸ್ ಬ್ಯಾಕ್ ಹುಡುಗ ಏನಾದ?"

"ಸೋತ," ಅಂತ ಬರೆದೆ.

ಎರಡು ನೀಲಿ ಗೀಟು ಬಂದವು. ಸ್ವಲ್ಪ ಹೊತ್ತಿಗೆ ಇನ್ನೊಂದು ಮೆಸೇಜ್.

"ಮುಂದಿನ ವಾರ ಯಾರ ಮೇಲೆ?"