ಬೇಸಿಗೆ ರಜೆಗೆ ಕರಾವಳಿ: ಬಿಸಿಲಿನ ಹೊತ್ತು ನೋಡಿಕೊಂಡು ಊರು ಸುತ್ತುವ ಬಗೆ

ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ರಜೆ ಸಿಗುತ್ತಿದ್ದಂತೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿರುವ ನಮ್ಮ ನೆಂಟರಿಷ್ಟರಿಂದ ಒಂದೇ ಪ್ರಶ್ನೆ ಬರತೊಡಗುತ್ತದೆ: ಮಕ್ಕಳನ್ನು ಕರೆದುಕೊಂಡು ಉಡುಪಿಗೆ ಬಂದರೆ ಏನೇನು ನೋಡಬಹುದು? ಪ್ರಶ್ನೆಯ ಜೊತೆಗೆ ಅವರೇ ಬರೆದುಕೊಂಡ ಪಟ್ಟಿಯೂ ಇರುತ್ತದೆ. ಕೃಷ್ಣಮಠ, ಮಲ್ಪೆ, ದ್ವೀಪ, ಕಾಪು, ಮಣಿಪಾಲ, ಸಂಜೆಯೊಳಗೆ ಮಂಗಳೂರು, ಎಲ್ಲವೂ ಒಂದೇ ದಿನದಲ್ಲಿ. ನಕ್ಷೆಯಲ್ಲಿ ನೋಡಿದರೆ ಇದು ಸಾಧ್ಯವೆಂದೇ ತೋರುತ್ತದೆ. ಆದರೆ ನಮ್ಮ ಕರಾವಳಿಯ ಬೇಸಿಗೆಯ ಕಷ್ಟ ಇರುವುದು ದೂರದಲ್ಲಲ್ಲ, ಸೆಕೆಯಲ್ಲಿ. ಉಷ್ಣಾಂಶ 34–35 ಡಿಗ್ರಿಯನ್ನು ದಾಟದಿದ್ದರೂ ಗಾಳಿಯಲ್ಲಿರುವ ತೇವದಿಂದಾಗಿ ಮೈಯ ಬೆವರು ಆರುವುದೇ ಇಲ್ಲ. ಬಯಲುಸೀಮೆಯ ಒಣ ಬಿಸಿಲಿಗೆ ಒಗ್ಗಿದ ಮಕ್ಕಳು ಇಲ್ಲಿ ಹನ್ನೊಂದು ಗಂಟೆಯ ಹೊತ್ತಿಗೇ ಬಾಡಿಹೋಗುತ್ತಾರೆ. ಆದ್ದರಿಂದ ಊರುಗಳ ಲೆಕ್ಕದಲ್ಲಿ ಯೋಜನೆ ಹಾಕಬೇಡಿ, ಹೊತ್ತಿನ ಲೆಕ್ಕದಲ್ಲಿ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ: ನಸುಕಿಗೆ ಒಂದು ಜಾಗ, ನಡುಹಗಲಿಗೆ ನೆರಳಿರುವ ಒಂದು ಜಾಗ, ಸಂಜೆಗೆ ಕಡಲು. ದಿನಕ್ಕೆ ಅಷ್ಟು ಸಾಕು.

ನಸುಕಿನ ಹೊತ್ತಿಗೆ ನನ್ನ ಮೊದಲ ಆಯ್ಕೆ ಮಲ್ಪೆ ಬಂದರು. ಪ್ರವಾಸಿಗರ ಪಟ್ಟಿಗಳಲ್ಲಿ ಕಡಲತೀರ ಇರುತ್ತದೆ, ಬಂದರು ಇರುವುದಿಲ್ಲ. ಮಕ್ಕಳ ಕಣ್ಣು ಅರಳುವುದು ಮಾತ್ರ ಬಂದರಿನಲ್ಲೇ. ಆಳಸಮುದ್ರದಿಂದ ಮರಳಿದ ದೋಣಿಗಳು ಸಾಲಾಗಿ ನಿಂತಿರುತ್ತವೆ. ಬುಟ್ಟಿಗಳು ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತವೆ. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ ಮೀನುಗಳು, ಬೊಂಡಾಸ್ ಎಂಬ ಸ್ಕ್ವಿಡ್‌ಗಳು ರಾಶಿ ರಾಶಿಯಾಗಿ ನೆಲಕ್ಕೆ ಬೀಳುತ್ತವೆ. ಮೀನು ಮಾರುವ ಹೆಂಗಸರು ಸುತ್ತ ನಿಂತು ಏಲಂ ಕೂಗುವವನ ಮಾತಿಗೆ ತಲೆಯಾಡಿಸಿಯೋ ಬೆರಳೆತ್ತಿಯೋ ಬೆಲೆ ಮುಗಿಸುವ ವೇಗವನ್ನು ದೊಡ್ಡವರೂ ಬೆರಗಿನಿಂದಲೇ ನೋಡಬೇಕಾಗುತ್ತದೆ. ಅಕ್ಕನ ಮಗ ಮೊದಲ ಸಲ ಅಲ್ಲಿಗೆ ಬಂದಾಗ ಬೊಂಡಾಸ್‌ನ ಕಣ್ಣನ್ನು ಬಗ್ಗಿ ನೋಡುತ್ತಾ, “ಚಿಕ್ಕಮ್ಮಾ, ಇದು ನಮ್ಮನ್ನೇ ನೋಡುತ್ತಿದೆಯಲ್ಲಾ!” ಎಂದು ಕೂಗಿದ್ದ. ನೆಲ ಒದ್ದೆಯಾಗಿ ಜಾರುವುದರಿಂದ ಹಿಡಿತವಿರುವ ಚಪ್ಪಲಿ ಬೇಕು; ದುಡಿಯುವವರ ದಾರಿಗೆ ಅಡ್ಡವಾಗದೆ ಬದಿಯಲ್ಲಿ ನಿಲ್ಲಬೇಕು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಹಾಗಾಗಿ ಈ ನೋಟ ಬೇಕಿದ್ದರೆ ಮೇ ಮುಗಿಯುವುದರೊಳಗೆ ಬರಬೇಕು.

ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಲ್ಪೆಯಿಂದಲೇ ಹೊರಡುತ್ತವೆ. ಬೆಳಗಿನ ಮೊದಲ ದೋಣಿಗಳಲ್ಲಿ ಹೋಗಿ ಬಿಸಿಲೇರುವ ಮೊದಲು ಮರಳುವುದು ಒಳ್ಳೆಯದು, ಏಕೆಂದರೆ ತೆಂಗಿನ ಮರಗಳ ಕೆಳಗೆ ಬಿಟ್ಟರೆ ಅಲ್ಲಿ ನೆರಳು ಕಡಿಮೆ, ಕರಿಬಂಡೆಗಳಂತೂ ಬೇಗ ಕಾಯುತ್ತವೆ. ಹೆಚ್ಚಿನವರು ಅಲ್ಲಿ ಫೋಟೋ ತೆಗೆದುಕೊಂಡು ವಾಪಸಾಗುತ್ತಾರೆ. ಮಕ್ಕಳಿಗೆ ಆ ಕಲ್ಲುಗಳ ಕಥೆಯನ್ನು ಹೇಳುವವರು ಕಡಿಮೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿಬಂದ ಲಾವಾ ನಿಧಾನವಾಗಿ ತಣಿಯಿತು. ತಣಿಯುತ್ತಾ ಕುಗ್ಗಿತು, ಕುಗ್ಗುತ್ತಾ ಬಿರಿಯಿತು, ಆ ಬಿರುಕುಗಳೇ ಕೆಳಕ್ಕೆ ಇಳಿದು ಲಾವಾವನ್ನು ಕಂಬಗಳಾಗಿ ಸೀಳಿದವು. ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದ ಕೆಸರು ಬಿರಿದು ಹಂಚು ಹಂಚಾಗುವುದನ್ನು ಕಂಡ ಮಗುವಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕಂಬಗಳ ತಲೆಯ ಮೇಲೆ ಬೆರಳಾಡಿಸಿ ಬದಿಗಳನ್ನು ಎಣಿಸಲು ಹೇಳಿ. ಐದು, ಆರು, ಏಳು ಬದಿಗಳಿರುವವು ಬೇರೆ ಬೇರೆಯಾಗಿ ಸಿಗುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವುದು ಇದೇ ಕಂಬಗಳಿಗಾಗಿ. ದಯವಿಟ್ಟು ಪ್ಲಾಸ್ಟಿಕ್ ಒಯ್ಯಬೇಡಿ, ಚಿಪ್ಪುಗಳನ್ನು ಚೀಲ ತುಂಬಿಸಿ ತರಬೇಡಿ, ಕಾವಲಿನವರು ತೋರಿಸಿದ ಜಾಗ ಬಿಟ್ಟು ಬೇರೆಡೆ ನೀರಿಗಿಳಿಯಬೇಡಿ. ಮಳೆಗಾಲ ಸಮೀಪಿಸಿದಂತೆ ಕಡಲು ಕೆರಳುತ್ತದೆ, ದೋಣಿಗಳು ನಿಲ್ಲುತ್ತವೆ.

ನಡುಹಗಲಿಗೆ ಉಡುಪಿಯ ಸುತ್ತ ಒಳ್ಳೆಯ ಆಸರೆಗಳಿವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಜೀವಮಾನದ ದುಡಿಮೆಯಿಂದ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಅವುಗಳಲ್ಲಿ ಮೊದಲನೆಯದು. ಕೆಡವಿ ಸೌದೆಗೆ ಹೋಗಬೇಕಿದ್ದ ಹಳೆಯ ಮನೆಗಳನ್ನು ತೊಲೆ ತೊಲೆಯಾಗಿ ಕಳಚಿ ತಂದು ಇಲ್ಲಿ ಮತ್ತೆ ಜೋಡಿಸಲಾಗಿದೆ. ಕುಂಜೂರಿನ ಚೌಕಿಮನೆಯಿಂದ ಹಿಡಿದು ದಖ್ಖನಿ ನವಾಬರ ಮಹಲಿನವರೆಗೆ ನಾಡಿನ ಬೇರೆ ಬೇರೆ ಸೀಮೆಗಳ ಬದುಕು ಒಂದೇ ಆವರಣದಲ್ಲಿ ಕಾಣಸಿಗುತ್ತದೆ. ಇಂಥ ಮನೆಯ ಜಗಲಿಯಲ್ಲಿ ನಿಂತರೆ ಫ್ಯಾನ್ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಸೆಕೆಯನ್ನು ಹೇಗೆ ನಿಭಾಯಿಸಿದರು ಎಂಬುದು ಮೈಗೇ ತಿಳಿಯುತ್ತದೆ. ಇಲ್ಲಿ ಅವಸರ ಮಾಡಬೇಡಿ. ಉಡುಪಿ ಪೇಟೆಯಲ್ಲಿ ಇನ್ನೊಂದು ಜಾಗವಿದೆ, ಅದಕ್ಕೆ ಹೋಗುವವರು ತೀರಾ ಕಡಿಮೆ: 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯಗಳ ಸಂಗ್ರಹಾಲಯ. ನಾಣ್ಯ ಕೂಡಿಡುವ ಹವ್ಯಾಸವಿರುವ ಮಕ್ಕಳನ್ನು ಅಲ್ಲಿಂದ ಎಬ್ಬಿಸಿ ತರುವುದೇ ಕಷ್ಟವಾಗುತ್ತದೆ. ಸಂಗ್ರಹಾಲಯಗಳ ವಾರದ ರಜೆಯ ದಿನವನ್ನು ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಕೃಷ್ಣಮಠಕ್ಕೆ ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ದೀಪ ಹಚ್ಚಿದ ಮೇಲೆ ರಥಬೀದಿಯಲ್ಲಿ ಒಂದು ಸುತ್ತು ನಡೆಯಿರಿ.

ಸಂಜೆಗೆ ಕಾಪು. 1901ರಲ್ಲಿ ಕಡಲ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭಕ್ಕೆ (ಲೈಟ್‌ಹೌಸ್) ಇಳಿಹೊತ್ತಿನಲ್ಲಿ ಹತ್ತಲು ಬಿಡುತ್ತಾರೆ. ಮೆಟ್ಟಿಲು ಕಿರಿದಾಗಿರುವುದರಿಂದ ತೀರಾ ಚಿಕ್ಕ ಮಕ್ಕಳಿದ್ದರೆ ಒಬ್ಬರು ಅವರೊಂದಿಗೆ ಮರಳಿನಲ್ಲೇ ಉಳಿಯಲಿ. ಇಲ್ಲಿ ನೀರಿನ ಸೆಳೆತ ಹೆಚ್ಚು, ಪಾದ ಒದ್ದೆ ಮಾಡಿಕೊಳ್ಳುವುದಷ್ಟೇ ಕ್ಷೇಮ.

ಮಂಗಳೂರಿಗೆ ಪ್ರತ್ಯೇಕವಾಗಿ ಒಂದು ದಿನ ಕೊಡಿ. ಬೆಳಿಗ್ಗೆ ಪಿಲಿಕುಳ ನಿಸರ್ಗಧಾಮ: ಕಾಳಿಂಗ ಸರ್ಪಗಳ ಸಂತಾನೋತ್ಪತ್ತಿಗೆ ಹೆಸರಾದ ಡಾ. ಶಿವರಾಮ ಕಾರಂತ ಜೈವಿಕ ಉದ್ಯಾನವನ್ನು ಮೊದಲು ನೋಡಿ ಮುಗಿಸಿದರೆ, ಬಿಸಿಲೇರಿದ ಮೇಲೆ ಅದೇ ಆವರಣದ ವಿಜ್ಞಾನ ಕೇಂದ್ರದಲ್ಲೂ ಸ್ವಾಮಿ ವಿವೇಕಾನಂದ ತಾರಾಲಯದಲ್ಲೂ ತಂಪಾಗಿ ಕೂರಬಹುದು. ಮಧ್ಯಾಹ್ನ ನಗರಕ್ಕೆ ಇಳಿದು ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. 1899ರ ಸುಮಾರಿಗೆ ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸುಯಿಟ್ ಸಹೋದರರು ಗೋಡೆಗಳ ಹಸಿ ಗಾರೆಯ ಮೇಲೆಯೂ ಮೇಲ್ಛಾವಣಿಯ ಕ್ಯಾನ್ವಾಸಿನ ಮೇಲೆಯೂ ಬಿಡಿಸಿದ ಚಿತ್ರಗಳು ಒಳಭಾಗವನ್ನೆಲ್ಲ ತುಂಬಿವೆ. ಮಕ್ಕಳು ಬೆಂಚಿನ ಮೇಲೆ ಕುಳಿತು ಕತ್ತೆತ್ತಿ ನೋಡುವಷ್ಟು ಹೊತ್ತು ಮೌನವಾಗಿಯೂ ಇರುತ್ತಾರೆ. ಸಂಜೆ, 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಬುರುಜನ್ನು ನೋಡಿ, ಅಲ್ಲಿಂದಲೇ ಹೊಳೆ ದಾಟುವ ದೋಣಿಯಲ್ಲಿ ತಣ್ಣೀರುಬಾವಿಗೆ ಹೋಗಬೇಕು. ಕಾರಿನಲ್ಲಿ ಸುತ್ತಿಬಳಸಿ ಹೋದವರಿಗೆ ಆ ದಾಟುವಿಕೆಯ ಸುಖ ಸಿಗುವುದಿಲ್ಲ. ವಾಪಸು ಬರುವಾಗ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸುವುದನ್ನು ಮಕ್ಕಳೇ ನೆನಪಿಸುತ್ತಾರೆ, ಆದ್ದರಿಂದ ಅದನ್ನು ಪಟ್ಟಿಗೆ ಸೇರಿಸುವ ಅಗತ್ಯವಿಲ್ಲ.

ಕಾರ್ಕಳಕ್ಕೆ ಹೋಗುವುದಾದರೆ ಬೆಳಿಗ್ಗೆ ಬಿಸಿಲು ಬರುವ ಮೊದಲೇ 1432ರ ಗೊಮ್ಮಟನ ಬೆಟ್ಟ ಹತ್ತಿ ಇಳಿಯಿರಿ. ಆಮೇಲೆ ಬಂಡೆಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಅಲ್ಲಿಂದ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಂದರೆ ಕಲ್ಲಿನ ತಂಪು ಸಿಗುತ್ತದೆ.

ರಾತ್ರಿಗೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಾಯಿಸುವುದು ಯಕ್ಷಗಾನವನ್ನು. ಆಟ ಶುರುವಾಗುವ ಮೊದಲೇ ಹೋಗಿ ಕಲಾವಿದರ ಅನುಮತಿ ಕೇಳಿ ಮಕ್ಕಳಿಗೆ ಚೌಕಿಯನ್ನು, ಅಂದರೆ ವೇಷ ಕಟ್ಟಿಕೊಳ್ಳುವ ಜಾಗವನ್ನು, ತೋರಿಸಿ. ಬಣ್ಣದ ವೇಷಧಾರಿ ಕೈಗನ್ನಡಿ ಹಿಡಿದು ಕುಳಿತು, ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಕಣಕವನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಮುಖದ ಮೇಲೆ ಚಿಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಮುಳ್ಳು ಮುಳ್ಳಾಗಿ ಇಡುತ್ತಾ ಗಂಟೆಗಟ್ಟಲೆ ಕೂರುವುದನ್ನು ಕಂಡ ಮಗು, ರಂಗಸ್ಥಳಕ್ಕೆ ಆ ರಕ್ಕಸ ಅಬ್ಬರಿಸಿ ಬಂದಾಗ ಹೆದರುವುದಿಲ್ಲ, ಗುರುತು ಹಿಡಿದು ಕುಣಿಯುತ್ತದೆ. ಇಡೀ ರಾತ್ರಿ ಕೂರಬೇಕೆಂದೇನೂ ಇಲ್ಲ, ಮಕ್ಕಳಿಗೆ ನಿದ್ದೆ ಬಂದಾಗ ಎದ್ದು ಬಂದರಾಯಿತು. ಆದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಮೇ 24–25ರ ಹೊತ್ತಿಗೆ ಬರುತ್ತದೆ. ಅಲ್ಲಿಗೆ ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳೂ ನಿಲ್ಲುತ್ತವೆ.

ಬೆಂಗಳೂರಿನಿಂದ ಬರುವವರು ಸಾಧ್ಯವಾದರೆ ಒಂದು ಬದಿಯ ಪ್ರಯಾಣಕ್ಕೆ ಹಗಲಿನ ರೈಲನ್ನು ಆರಿಸಿಕೊಳ್ಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. 2021ರಿಂದ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿಯೂ ಇದೆ. ಟಿಕೆಟ್ ಬೇಗ ಮುಗಿಯುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯವಳಾಗಿ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಂಗಳೂರಿಗೆ ನೀರುಣಿಸುವ ತುಂಬೆ ಅಣೆಕಟ್ಟಿನಲ್ಲೂ ಉಡುಪಿಗೆ ನೀರುಣಿಸುವ ಬಜೆಯಲ್ಲೂ ನೀರು ಇಳಿಯುತ್ತದೆ, ಕೆಲವು ವರ್ಷ ಮನೆಗಳಿಗೆ ದಿನ ಬಿಟ್ಟು ದಿನ ನೀರು ಬರುವ ಸ್ಥಿತಿಯೂ ಬಂದಿದೆ. ಉಳಿದುಕೊಳ್ಳುವ ಕಡೆ ಷವರ್ ಬಿಟ್ಟು ಬಕೆಟ್ಟಿನಲ್ಲಿ ಸ್ನಾನ ಮಾಡಿ. ಬಾಯಾರಿದಾಗ ಬಾಟಲಿಯ ಪಾನೀಯದ ಬದಲು ದಾರಿಬದಿಯಲ್ಲಿ ಬೊಂಡ (ಎಳನೀರು) ಕೆತ್ತಿಸಿ ಕುಡಿಯಿರಿ, ಪುನರ್ಪುಳಿ (ಕೋಕಂ) ಶರಬತ್ತು ಕೇಳಿ, ತಾಟಿನಿಂಗು (ತಾಳೆಹಣ್ಣು) ಕಂಡರೆ ಮಕ್ಕಳಿಗೆ ಸುಲಿದು ಕೊಡಿಸಿ. ಮೇ ಎರಡನೆಯ ವಾರದೊಳಗೆ ಬಂದರೆ ದ್ವೀಪ, ಬಂದರು, ಯಕ್ಷಗಾನದ ಆಟ ಮೂರೂ ಸಿಗುವ ಸಾಧ್ಯತೆ ಹೆಚ್ಚು. ಅದರ ನಂತರ ಬರುವವರು ದ್ವೀಪದ ದೋಣಿ ಓಡುತ್ತಿದೆಯೇ ಎಂದು ಕೇಳಿಕೊಂಡೇ ಹೊರಡಬೇಕು.